ಎಣ್ಣೆ ಸೀಗೇಕಾಯಿ ಪ್ರೇಮಕಥೆ

ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಫೋನ್ ಹಿಡ್ಕೊಂಡು ಚಿತ್ರಕಾರ ಮಾರ್ಕ್ ಶಗಾಲ್‌ನ ‘ಡಾಫ್ನಿಸ್ ಮತ್ತು ಕ್ಲೋಯಿ’ ಲಿಥೋಗ್ರಾಫ್‌ಗಳನ್ನ (ಕಲ್ಲಚ್ಚಿನ ಚಿತ್ರಗಳನ್ನ) ಝೂಮ್ ಮಾಡ್ಕೊಂಡು ಕೂತಿದ್ದೆ. ಒಟ್ಟು 42 ಚಿತ್ರ, 1961ರಲ್ಲಿ ಪ್ಯಾರಿಸ್‌ನಲ್ಲಿ ಪುಸ್ತಕವಾಗಿ ಬಂದಿದ್ದು. ಆ ನೀಲಿ ನೋಡಿದ್ರೆ ಅದ್ರೊಳಗೆ ಕೈ ಅದ್ದಬೇಕು ಅನ್ಸತ್ತೆ.

ಕಥೆ ಲೊಂಗಸ್ ಅನ್ನೋ ಪ್ರಾಚೀನ ಗ್ರೀಕ್ ಲೇಖಕ ಬರೆದಿದ್ದು, ನಡೆಯೋದು ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ. ಯಾರೋ ಬಿಟ್ಟುಹೋದ ಎರಡು ಕೂಸು, ಹುಡುಗ ಡಾಫ್ನಿಸ್‌ಗೆ ಮೇಕೆ ಹಾಲು ಕುಡಿಸತ್ತೆ ಹುಡುಗಿ ಕ್ಲೋಯಿಗೆ ಕುರಿ, ದೊಡ್ಡವರಾಗಿ ಅವನು ಮೇಕೆ ಕಾಯ್ತಾನೆ ಇವಳು ಕುರಿ ಕಾಯ್ತಾಳೆ. ಪ್ರೀತಿ ಆಗತ್ತೆ, ಆದ್ರೆ ಅದಕ್ಕೆ ಪ್ರೀತಿ ಅಂತಾರೆ ಅನ್ನೋದೇ ಇಬ್ಬರಿಗೂ ಗೊತ್ತಿಲ್ಲ. ಕ್ಲೋಯಿ ಒಬ್ಬಳೇ ಕೂತು ಗೋಳಾಡ್ತಾಳೆ, ಮೈಮೇಲೆ ಗಾಯ ಇಲ್ಲ, ಒಂದು ಕುರಿನೂ ಕಳೆದಿಲ್ಲ, ಆದ್ರೂ ಯಾಕೋ ಸಂಕಟ, ನೆರಳಲ್ಲಿ ಕೂತ್ರೂ ಉರಿ ಅಂತ. ಕುರಿ ಎಣಿಸಿ ನೋಡಿ ದುಃಖಕ್ಕೆ ಕಾರಣ ಹುಡುಕೋಳು ಇವಳೊಬ್ಬಳೇ ಇರ್ಬೇಕು!

ಈ ಪ್ರೇಮಕಥೆನ ಅಚ್ಚು ಹಾಕಿರೋ ವಿಧಾನ ಮಾತ್ರ ಪೂರ್ತಿ ಜಗಳದ್ದು. ನುಣ್ಣಗಿನ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡೀಲಿ ಚಿತ್ರ ಬರೀತಾರೆ, ಅದಕ್ಕೊಂದು ಅಂಟಿನ ಉಪಚಾರ ಮಾಡಿ ಕಲ್ಲನ್ನ ಒದ್ದೆ ಮಾಡ್ತಾರೆ, ಆಮೇಲೆ ಮಸಿ ರೋಲರ್ ಉರುಳಿಸಿದ್ರೆ ಜಿಡ್ಡಿದ್ದ ಕಡೆ ಹಿಡಿಯತ್ತೆ, ನೀರಿದ್ದ ಕಡೆ ಹತ್ತಿರಾನೂ ಸುಳಿಯಲ್ಲ. ಎಣ್ಣೆಗೂ ನೀರಿಗೂ ಎಣ್ಣೆ ಸೀಗೇಕಾಯಿ ಸಂಬಂಧ, ಅದೇ ಇಡೀ ಟೆಕ್ನಿಕ್. ಇದರ ಹುಟ್ಟೂ ಮಜವಾಗಿದೆ. 1796ರಲ್ಲಿ ಬವೇರಿಯಾದ ಸೆನೆಫೆಲ್ಡರ್ ಅನ್ನೋ ನಾಟಕ ಬರೆಯೋನಿಗೆ ಅವರಮ್ಮ ಒಗೆಯೋಕೆ ಹಾಕೋ ಬಟ್ಟೆ ಲೆಕ್ಕ ಬರ್ಕೋ ಅಂದ್ಳಂತೆ, ಕಾಗದ ಸಿಗದೆ ಕಲ್ಲಿನ ಮೇಲೆ ಗೀಚಿದ, ಅಲ್ಲಿಂದ ಶುರುವಾದ ಪ್ರಯೋಗ ಒಂದೆರಡು ವರ್ಷದಲ್ಲಿ ಲಿಥೋಗ್ರಫಿ ಆಯ್ತು. ನಮ್ಮಲ್ಲಿ ದೇವರಮನೆ ಗೋಡೆಗೆ ಬಂದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿನೂ ಈ ಬಟ್ಟೆ ಲೆಕ್ಕದ ವಂಶದೋರೇ.

ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಇಲ್ಲಾ ತಗಡು. ಶಗಾಲ್ ಕೆಲವು ಚಿತ್ರಕ್ಕೆ 20–25 ಬಣ್ಣ ಬಳಸಿದ್ದಾನೆ, ಅಂದ್ರೆ ಒಂದೇ ಹಾಳೆ ಅಷ್ಟು ಸಲ ಪ್ರೆಸ್ಸಿಗೆ ಹೋಗಿ ಬರ್ಬೇಕು, ಒಂದು ಸಲ ಕೂದಲೆಳೆಯಷ್ಟು ಜಾರಿದ್ರೆ ಕ್ಲೋಯಿ ಮೂಗು ಪಕ್ಕದ ಮರದ ಮೇಲೆ. ಮೂರ್ಲೋ ಪ್ರೆಸ್ಸಿನಲ್ಲಿ 1957ರಿಂದ ಮೂರ್ನಾಲ್ಕು ವರ್ಷ ಇದೇ ಕೆಲಸ, ಆಗ ಅವನಿಗೆ 70 ದಾಟಿತ್ತು. ಎರಡನೇ ಮದುವೆ ಆದ 1952ರಲ್ಲೇ ಹೆಂಡತಿ ಜೊತೆ ಗ್ರೀಸ್‌ಗೆ ಹೋಗಿದ್ದ, 1954ರಲ್ಲಿ ಮತ್ತೆ ಹೋದ, ಆ ಬೆಳಕು ತಲೇಲಿ ಕೂತಿತ್ತು. ಹೋಗು ಅಂತ ಹಿಂದೆ ಬಿದ್ದಿದ್ದ ಪ್ರಕಾಶಕ ತೆರಿಯಾದ್ ಹುಟ್ಟಿದ್ದು ಎಲ್ಲಿ ಅಂತೀರಾ? ಅದೇ ಲೆಸ್ಬೋಸ್‌ನಲ್ಲಿ! ಪ್ಯಾರಿಸ್‌ನಲ್ಲಿ ಕೂತು ತನ್ನೂರಿನ ಕಥೆಗೆ ರಷ್ಯನ್ ಸಾಮ್ರಾಜ್ಯದ ವಿತೆಬ್‌ಸ್ಕ್‌ನೋನ ಕೈಲಿ ಬಣ್ಣ ಹಾಕಿಸಿದ ಅಂದ್ರೆ ಊರಿನ ಸೆಳೆತ ನೋಡಿ.

ನಂಗೆ ಆ ಜೋಡಿಗಿಂತ ಮೇಕೆಗಳೇ ಇಷ್ಟ. ಶಗಾಲ್ ಮೊದಲಿಂದ ತನ್ನೂರಿನ ಚಿತ್ರಗಳಲ್ಲೂ ಮೇಕೆ ಬರೀತಾ ಬಂದೋನೇ ಅಲ್ವಾ, ಅವನಿಗೆ ಈ ಕಥೆ ಸಿಕ್ಕಿದ್ದು ಹಸಿದೋನಿಗೆ ಊಟ ಸಿಕ್ಕ ಹಾಗೆ. ಕೊನೆಗೆ ಮದುವೆ ಊಟ ನಡೀವಾಗ ಮೇಕೆಗಳೂ ಪಕ್ಕದಲ್ಲೇ ಮೇಯ್ತಾ ಇರ್ತವೆ, ಪಟ್ಟಣದಿಂದ ಬಂದ ನೆಂಟರಿಗೆ ಅದು ಅಷ್ಟಾಗಿ ಸೇರಲ್ಲ. ಮದುಮಗ ಡಾಫ್ನಿಸ್ ಮಾತ್ರ ಒಂದೆರಡನ್ನ ಹೆಸರು ಹಿಡಿದು ಕರೆದು, ಹಸಿ ಸೊಪ್ಪು ತಿನ್ನಿಸಿ, ಕೊಂಬು ಹಿಡ್ಕೊಂಡು ಮುತ್ತು ಕೊಡ್ತಾನೆ.