ಇನ್ನು ಆರು ಸಾಲು ಉಂಟು

ಮುಂಬೈ ಲೋಕಲ್‌ನಲ್ಲಿ ಪೇಪರ್ ಕೊಳ್ಳುವವನು ಒಬ್ಬ, ಓದುವವರು ನಾಲ್ವರು. ಡೊಂಬಿವಲಿಯಲ್ಲಿ ಬಿಡಿಸಿದ ಮರಾಠಿ ಪೇಪರ್ ಠಾಣೆ ಬರುವಷ್ಟರಲ್ಲಿ ಹಾಳೆ ಹಾಳೆಯಾಗಿ ಹಂಚಿಹೋಗಿರುತ್ತದೆ. ಕ್ರಿಕೆಟ್ಟಿನ ಪುಟ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ.

ನನ್ನನ್ನು ಇಷ್ಟು ವರ್ಷ ಕಾಪಾಡಿದ್ದು ಕನ್ನಡ ಲಿಪಿ. ಪಕ್ಕದವರು ಒಮ್ಮೆ ಇಣುಕಿ, "ತೆಲುಗು ಹೈ ಕ್ಯಾ?" ಅಂತ ಕೇಳಿ ಸುಮ್ಮನಾಗುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. (ಬೆಳಿಗ್ಗೆ ಏಳೂವರೆಗೆ ಅಷ್ಟೊಂದು ಭಾಷಾಭಿಮಾನ ಹುಟ್ಟುವುದಿಲ್ಲ, ಕ್ಷಮಿಸಿ.) 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಾಗ 14 ಬೋಗಿಗಳಲ್ಲಿ ಇದ್ದದ್ದು ಸುಮಾರು 400 ಜನರಂತೆ. ಬೋಗಿಗೆ ಮೂವತ್ತು ಜನವೂ ಇಲ್ಲ! ಕಾಲು ಚಾಚಿಕೊಂಡು ಓದಬಹುದಿತ್ತು, ಅಲ್ವಾ?

ಆ ದಿನ ಕೈಯಲ್ಲಿದ್ದದ್ದು ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ'. ಮುಂಬೈಯ ನಾಗಪ್ಪನಿಗೆ ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನುವ ಗುಮಾನಿ. ಓದುತ್ತಾ ಓದುತ್ತಾ ನನ್ನ ಕಿವಿಯ ಹತ್ತಿರವೂ ಯಾರೋ ಉಸಿರು ಬಿಟ್ಟ ಹಾಗಾಯಿತು. ಪುಟ ತಿರುಗಿಸಲು ಹೋದೆ.

"ಸ್ವಲ್ಪ ನಿಲ್ಲಿ ಮಾರಾಯ್ರೆ. ಇನ್ನು ಆರು ಸಾಲು ಉಂಟು."

ಫೋರ್ತ್ ಸೀಟಿನವರು! ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತಿದ್ದರು. ಉಡುಪಿ ಕಡೆಯವರು, ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಾರಂತೆ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಾರೆ. ನಾನು ಎರಡು ಪುಟ ಮುಗಿಸಿ, ಕಿಟಕಿಯಾಚೆ ನೋಡಿ, ಆಕಳಿಸಿ ಬರುವಷ್ಟರಲ್ಲಿ ಅವರದು ಒಂದು ಪ್ಯಾರಾ.

ಮರುದಿನ ನನಗಾಗಿ ಜಾಗ ಹಿಡಿದಿಟ್ಟಿದ್ದರು. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?" ಅಂದರು. ನಿಲ್ಲಿಸಿದ್ದೆವು! ಕಾಸು ಕೊಟ್ಟವನು ನಾನು.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ರಾತ್ರಿ ಮನೆಯಲ್ಲಿ ಕದ್ದು ಓದತೊಡಗಿದೆ. ಬೆಳಿಗ್ಗೆ ಗುರುತಿನ ಟಿಕೆಟ್ಟನ್ನು ಮತ್ತೆ ಹಳೇ ಪುಟಕ್ಕೇ ಸಿಕ್ಕಿಸುತ್ತಿದ್ದೆ. ರೈಲಿನಲ್ಲಿ ಗೊತ್ತಿದ್ದ ಪುಟಗಳಿಗೇ "ಛೆ ಛೆ", "ಅಯ್ಯೋ" ಅಂತ ಹೊಸದಾಗಿ ಬೆಚ್ಚಿಬೀಳುತ್ತಿದ್ದೆ. ಜಾಸ್ತಿಯೇ ಬೆಚ್ಚಿಬಿದ್ದೆನೋ ಏನೋ.

ಒಂದು ದಿನ ಪುಟ ತಿರುಗಿಸಿದರೆ ನಡುವೆ ಹಳದಿ ಕಲೆ. ಅವರು ಕನ್ನಡಕ ಏರಿಸಿದರು. ಪುಸ್ತಕವನ್ನು ಮೂಗಿನ ಹತ್ತಿರ ತಂದುಕೊಂಡರು. ಹೋಟೆಲಿನವರಲ್ಲವೇ.

"ಸಾಂಬಾರು," ಎಂದರು. "ನಿನ್ನೆ ರಾತ್ರಿಯದ್ದು."

ಘಾಟ್ಕೋಪರ್ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ನಾನೇ ನಾಚಿಕೆಯಿಂದ, "ಪುಸ್ತಕ ನೀವೇ ಮನೆಗೆ ತಗೊಂಡು ಹೋಗಿ, ನಿಧಾನಕ್ಕೆ ಓದಿ" ಎಂದೆ.

ಅವರು ಗಾಬರಿಯಾದರು. "ಮನೆಗಾ? ಬೇಡ ಮಾರಾಯ್ರೆ! ಹೆಂಡತಿ ನನಗಿಂತ ಮೊದಲೇ ಓದಿ ಮುಗಿಸ್ತಾಳೆ. ಮತ್ತೆ ಅನ್ನ ಬಡಿಸ್ತಾ ಬಡಿಸ್ತಾ ಕಡೆಯವರೆಗೂ ಕಥೆ ಹೇಳ್ತಾಳೆ."

ಆಮೇಲೆ ಕಲೆಯ ಪಕ್ಕ ಬೆರಳಿಟ್ಟರು. "ಬಿಡಿಸಿ ಹಿಡೀರಿ. ದಾದರ್ ಬರ್ತದೆ."