ಸ್ಪಷ್ಟನೆ: ದೇಶ ಬದಲಾದರೆ ಒಂದು ವರ್ಷ ಹಾಳಾಗುತ್ತದೆಯೇ?

‘ಹದಿಹರೆಯದ ಮಕ್ಕಳನ್ನು ಬೇರೆ ದೇಶದ ಶಾಲೆಗೆ ಸೇರಿಸಿದರೆ ಒಂದು ಕ್ಲಾಸ್ ಹಿಂದಕ್ಕೆ ಹಾಕ್ತಾರೆ, ಹಳೆಯ ಅಂಕಗಳೆಲ್ಲ ದಂಡ’ ಎಂಬ ಮಾತು ಹರಿದಾಡುತ್ತಿದೆ. ಎಲ್ಲ ಕಡೆಗೂ ಇದು ನಿಜವಲ್ಲ.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ವಯಸ್ಸು ನೋಡಿಯೇ ತರಗತಿ ಕೊಡುತ್ತಾರೆ. ಅಮೆರಿಕದ ಹೈಸ್ಕೂಲಿನಲ್ಲಿ, ಅಂದರೆ 9ರಿಂದ 12ನೇ ತರಗತಿವರೆಗೆ, ಕ್ರೆಡಿಟ್ ಲೆಕ್ಕ: ಪಾಸು ಮಾಡಿದ ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಸೇರುತ್ತಾ ಹೋಗುತ್ತದೆ. ಹಳೆಯ ಅಂಕಪಟ್ಟಿ ನೋಡಿಯೇ ಎಷ್ಟು ಕ್ರೆಡಿಟ್ ಕೊಡಬೇಕೆಂದು ತೀರ್ಮಾನಿಸುತ್ತಾರೆ. ಹಾಗಾಗಿ ಒಂದು ಅಂಕಪಟ್ಟಿಯನ್ನೂ ಕಳೆದುಕೊಳ್ಳಬೇಡಿ. ಪ್ರತಿ ವಿಷಯದ ಪಠ್ಯಕ್ರಮವನ್ನೂ ಜೊತೆಗಿಟ್ಟುಕೊಳ್ಳಿ.

ನಿಜವಾದ ತೊಡಕು ಇರುವುದು ನಡುವೆ ಸೇರುವುದರಲ್ಲಿ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಡಿಪ್ಲೊಮಾ ಎಂದರೆ ಹಲವು ದೇಶಗಳ ಶಾಲೆಗಳಲ್ಲಿ ಕೊನೆಯ ಹಂತದಲ್ಲಿ ಕಲಿಸುವ 2 ವರ್ಷದ ಕೋರ್ಸು. ಎರಡನೇ ವರ್ಷಕ್ಕೆ ನೇರವಾಗಿ ಸೇರುವುದು ಬಹಳ ಕಷ್ಟ. ಆಗ ಮೊದಲಿನಿಂದ ಶುರು ಮಾಡಬೇಕಾಗಬಹುದು. ಶಾಲೆ ಶುರುವಾಗುವ ತಿಂಗಳೂ ಬೇರೆ ಬೇರೆ: ಜಪಾನಿನಲ್ಲಿ ಏಪ್ರಿಲ್, ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್. ಕೆಲವು ತಿಂಗಳು ಹಿಂದೆ ಮುಂದೆ ಆಗುವುದು ಇದರಿಂದಲೇ.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಸಮೀಕರಣವನ್ನು ಸರಸರ ಬಿಡಿಸುವ ಹುಡುಗಿ ಹೊಸ ಶಾಲೆಯ ಪರೀಕ್ಷೆಯಲ್ಲಿ ಪೆನ್ಸಿಲ್ ಹಿಡಿದು ಸುಮ್ನೆ ಕೂತಿರುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ, ಪ್ರಶ್ನೆಯ ಭಾಷೆ ಅರ್ಥವಾಗಿಲ್ಲ, ಅಷ್ಟೇ. ಅದನ್ನು ನೋಡಿ ಕೆಳಗಿನ ತರಗತಿಗೆ ಹಾಕಿದರೆ ಅನ್ಯಾಯ ಅಲ್ವಾ? ಭಾಷೆಗೆ ಬೇರೆ ಪಾಠ ಕೊಡುವ ವ್ಯವಸ್ಥೆ ಇದೆಯೇ ಎಂದು ಸೇರುವ ಮೊದಲೇ ಶಾಲೆಯವರನ್ನು ಕೇಳಿ.