ಕೈ ಬಾತ್ರೆ ಬಿಸಿ ಎಣ್ಣೆ ತಿಕ್ರಿ ಅನ್ನೋ ಮೆಸೇಜ್ ನಂಬಬ್ಯಾಡ್ರಿ

ನಮ್ಮ ದಾವಣಗೆರೆ ವಾಟ್ಸಾಪ್ ಗ್ರೂಪ್‌ನಾಗೆ ಒಂದು ಮೆಸೇಜ್ ಓಡಾಡ್ತೈತಿ, ಸ್ತನ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಕೈ ಬಾತ್ರೆ ಬಿಸಿ ಎಣ್ಣೆ ಹಚ್ಚಿ ಗಟ್ಟಿ ತಿಕ್ಕಿ, ಆ ಕೈಲಿ ಏನೂ ಎತ್ತಲೇಬ್ಯಾಡ್ರಿ ಅಂತ. ಎರಡೂ ತಪ್ಪು. ಆಪರೇಷನ್‌ನಾಗೆ ಕಂಕುಳಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದಿರ್ತಾರೆ ಇಲ್ಲಾ ರೇಡಿಯೇಷನ್ ಕೊಟ್ಟಿರ್ತಾರೆ, ಅದಕ್ಕೆ ದುಗ್ಧರಸ (ಮೈಯಾಗೆ ಹರಿಯೋ ನೀರಿನಂಥ ದ್ರವ) ಸರಿಯಾಗಿ ಹರೀದೆ ಕೈಯಾಗೆ ನಿಂತ್ಕೊಳ್ತೈತಿ. ಬಿಸಿ, ಜೋರು ತಿಕ್ಕಾಟ ಬಾವು ಜಾಸ್ತಿನೇ ಮಾಡಬಹುದು. ಇದಕ್ಕಿರೋ ಮಸಾಜ್ ಬ್ಯಾರೆ, ಚರ್ಮ ಹಗುರಕ್ಕೆ ಸರಿಸೋದು, ಫಿಸಿಯೋ ಹತ್ರ ಕಲೀಬೇಕು. ಅಳತೆ ತಗೊಂಡು ಕೊಡೋ ಕಂಪ್ರೆಷನ್ ಸ್ಲೀವ್, ಅಂದ್ರೆ ಕೈನ ಒತ್ತಿಹಿಡಿಯೋ ಬಿಗಿ ತೋಳು, ಹಾಕ್ರಿ (ಏಪ್ರಿಲ್ ಬಿಸಿಲಾಗೆ ಹಿಂಸೆನೇ, ಒಪ್ತೀನಿ). ಇನ್ನ ಭಾರ ಎತ್ತೋದು, 2009ರಲ್ಲಿ ಅಮೆರಿಕದಾಗೆ ಬಾವು ಇದ್ದ 141 ಹೆಂಗಸರ ಮೇಲಿನ ಸ್ಟಡಿ ಪ್ರಕಟ ಆತು, ಸ್ಲೀವ್ ಹಾಕ್ಕೊಂಡು ಹೇಳಿಕೊಟ್ಟಂಗೆ ನಿಧಾನಕ್ಕೆ ತೂಕ ಏರಿಸಿದವರಿಗೆ ಬಾವೇನು ಹೆಚ್ಚಾಗ್ಲಿಲ್ಲ. ಹಂಗಂತ ನಾಳೆನೇ ತುಂಬಿದ ಕೊಡ ಎತ್ತಬ್ಯಾಡ್ರಿ ಮತ್ತೆ. ಕೈ ಕೆಂಪಾಗಿ ಜ್ವರ ಬಂದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗ್ರಿ.